ಟರ್ಫ್‌ಲೂಪ್ ವಿದ್ಯಾರ್ಥಿ ಪ್ರತಿಭಟನೆ (1972): ಘಟಿಕೋತ್ಸವವೆಂಬ ಆಚರಣೆಯ ಹಿನ್ನೆಲೆಯಲ್ಲಿ

ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯಿದೆ, ವರದಿ, ಅಂಕಿಅಂಶಗಳನ್ನು ಆಕರವಾಗಿ ಬಳಸುತ್ತಾರೆ. ವಿದ್ಯಾರ್ಥಿಗಳ ಆಡುಮಾತು, ಅವರು ಇಟ್ಟ ಅಡ್ಡಹೆಸರು, ಸಂಸ್ಥೆಯ ಆಚರಣೆಗಳು ಆಕರಗಳಾಗುವುದು ವಿರಳ. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ‘ಜನ’ವೇ ಎಂದು ಅಲನ್ ಡಂಡೆಸ್ ಪ್ರತಿಪಾದಿಸಿದ ಮೇಲೆ, ವಿದ್ಯಾರ್ಥಿ ಸಮುದಾಯವನ್ನು ಜಾನಪದ ಅಧ್ಯಯನದಿಂದ ಹೊರಗಿಡಲು ಕಾರಣವಿಲ್ಲ. ಈ ನೆಲೆಯಿಂದ ದಕ್ಷಿಣ ಆಫ್ರಿಕಾದ ಟರ್ಫ್‌ಲೂಪ್‌ನಲ್ಲಿ 1972ರಲ್ಲಿ ನಡೆದ ಪ್ರತಿಭಟನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಾರತಮ್ಯ ಮತ್ತು ಶಿಕ್ಷಣದ ಕಳಪೆ ಗುಣಮಟ್ಟ ಅಲ್ಲಿ ಎರಡು ಬೇರೆ ದೂರುಗಳಾಗಿರಲಿಲ್ಲ. ಒಂದು ಇನ್ನೊಂದರ ಸಾಧನವಾಗಿತ್ತು ಎಂಬುದು ಇಲ್ಲಿನ ಮುಖ್ಯ ವಾದ.

1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಕ್ಷದ ಸರ್ಕಾರವು 1953ರಲ್ಲಿ ಬಾಂಟು ಶಿಕ್ಷಣ ಕಾಯಿದೆಯ ಮೂಲಕ ಕಪ್ಪು ಜನರ ಶಾಲಾ ಶಿಕ್ಷಣವನ್ನು ಪ್ರತ್ಯೇಕಗೊಳಿಸಿತು. 1959ರಲ್ಲಿ ಉನ್ನತ ಶಿಕ್ಷಣದ ಸರದಿ ಬಂದಿತು. ಆ ವರ್ಷದ ಕಾಯಿದೆಯ ಹೆಸರು ವಿಶ್ವವಿದ್ಯಾಲಯ ಶಿಕ್ಷಣದ ‘ವಿಸ್ತರಣೆ’ಯೆಂದು, ಅದರ ಕೆಲಸ ಮಾತ್ರ ಬಾಗಿಲು ಮುಚ್ಚುವುದು. ಕೇಪ್‌ಟೌನ್, ವಿಟ್‌ವಾಟರ್ಸ್‌ರಾಂಡ್‌ನಂತಹ ವಿಶ್ವವಿದ್ಯಾಲಯಗಳಿಗೆ ಕಪ್ಪು ವಿದ್ಯಾರ್ಥಿಗಳು ಇನ್ನು ಮುಂದೆ ಮಂತ್ರಿಯ ಅನುಮತಿಯಿಲ್ಲದೆ ಸೇರುವಂತಿರಲಿಲ್ಲ. ಅದಕ್ಕೆ ಬದಲಾಗಿ ಬುಡಕಟ್ಟು ಹಾಗೂ ಜನಾಂಗವಾರು ಕಾಲೇಜುಗಳು ಹುಟ್ಟಿಕೊಂಡವು. ಜುಲು ಭಾಷಿಕರಿಗೆ ಎನ್ಗೋಯೆಯಲ್ಲಿ, ಮಿಶ್ರ ಜನಾಂಗದವರಿಗೆ ಬೆಲ್ವಿಲ್‌ನಲ್ಲಿ, ಭಾರತೀಯ ಮೂಲದವರಿಗೆ ಡರ್ಬನ್ನಿನ ಸ್ಯಾಲಿಸ್‌ಬರಿ ದ್ವೀಪದಲ್ಲಿ, ಸೋಥೋ, ತ್ಸ್ವಾನಾ, ವೆಂಡಾ, ತ್ಸೋಂಗಾ ಸಮುದಾಯಗಳಿಗೆ ಪೀಟರ್ಸ್‌ಬರ್ಗ್ ಸಮೀಪದ ಟರ್ಫ್‌ಲೂಪ್‌ನಲ್ಲಿ ಕಾಲೇಜುಗಳಾದವು. 1916ರಿಂದ ಹೆಸರು ಪಡೆದಿದ್ದ ಫೋರ್ಟ್ ಹೇರ್ ಸಂಸ್ಥೆಯನ್ನು ಸರ್ಕಾರ ವಶಪಡಿಸಿಕೊಂಡು ಷೋಸಾ ಭಾಷಿಕರಿಗೆ ಸೀಮಿತಗೊಳಿಸಿತು.

ಈ ಸಂಸ್ಥೆಗಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಬುಷ್ ಕಾಲೇಜು’, ಅಂದರೆ ಕುರುಚಲು ಕಾಡಿನ ಕಾಲೇಜು. ನಗರಗಳಿಂದ ದೂರದ ನೆಲೆಯನ್ನಷ್ಟೇ ಈ ಅಡ್ಡಹೆಸರು ಸೂಚಿಸುವುದಿಲ್ಲ. ಕುಲಪತಿ ಬಿಳಿಯ, ಆಡಳಿತ ಮಂಡಳಿ ಬಿಳಿಯರದು, ಪ್ರಾಧ್ಯಾಪಕರಲ್ಲಿ ಬಹುಪಾಲು ಬಿಳಿಯರು. 1970ರವರೆಗೆ ಪಠ್ಯ, ಪರೀಕ್ಷೆ, ಪದವಿಗಳೂ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ಹಿಡಿತದಲ್ಲಿದ್ದವು. ಹೆಸರಿಗೆ ವಿಶ್ವವಿದ್ಯಾಲಯ, ಒಳಗೆ ಅಂಕೆಯಲ್ಲಿಡುವ ವ್ಯವಸ್ಥೆ: ಈ ಅಂತರವನ್ನು ಎರಡೇ ಪದಗಳಲ್ಲಿ ಹಿಡಿದ ಅಡ್ಡಹೆಸರು ಯಾವ ಆಯೋಗದ ವರದಿಗಿಂತಲೂ ಮೊದಲೇ ತೀರ್ಪನ್ನು ಕೊಟ್ಟಿತ್ತು. ಸ್ಟೀವ್ ಬೀಕೋ ಮೊದಲ ಅಧ್ಯಕ್ಷರಾಗಿದ್ದ ದಕ್ಷಿಣ ಆಫ್ರಿಕಾ ವಿದ್ಯಾರ್ಥಿ ಸಂಘಟನೆಯು (ಸಾಸೋ) 1969ರ ಜುಲೈನಲ್ಲಿ ವಿಧ್ಯುಕ್ತವಾಗಿ ಆರಂಭಗೊಂಡದ್ದು ಇಂತಹ ‘ಕಾಡಿನ ಕಾಲೇಜಾ’ದ ಟರ್ಫ್‌ಲೂಪ್‌ನಲ್ಲಿಯೇ ಎಂಬುದು ಗಮನಾರ್ಹ.

1972ರ ಏಪ್ರಿಲ್ 29ರಂದು ಅಲ್ಲಿ ಘಟಿಕೋತ್ಸವ ನಡೆಯಿತು. ಆರ್ನಲ್ಡ್ ವಾನ್ ಗೆನೆಪ್ 1909ರಲ್ಲಿ ಸಂಕ್ರಮಣ ವಿಧಿಗಳನ್ನು ಬೇರ್ಪಡೆ, ಸ್ಥಿತ್ಯಂತರ, ಮರುಸೇರ್ಪಡೆ ಎಂದು ಮೂರು ಹಂತಗಳಲ್ಲಿ ವಿವರಿಸಿದರು. ಘಟಿಕೋತ್ಸವವೂ ಅಂತಹುದೇ ಒಂದು ವಿಧಿ. ಮನೆಯಿಂದ ಬೇರ್ಪಟ್ಟು ಕಲಿತವನನ್ನು ಹೊಸ ಸ್ಥಾನದೊಂದಿಗೆ ಮರಳಿ ಬರಮಾಡಿಕೊಳ್ಳಬೇಕಾದವರು ಅವನ ಹೆತ್ತವರು ಮತ್ತು ಸಮುದಾಯ. ಪದವೀಧರರ ಪರವಾಗಿ ಮಾತನಾಡಿದ ಓಂಕ್ಗೊಪೊತ್ಸೆ ತಿರೋ ಬೊಟ್ಟುಮಾಡಿದ್ದು ಇದನ್ನೇ. ದೂರದಿಂದ ಬಂದ ಪೋಷಕರನ್ನು ಸ್ಥಳವಿಲ್ಲವೆಂದು ಹೊರಗೆ ನಿಲ್ಲಿಸಲಾಗಿತ್ತು. ಮುಂದಿನ ಆಸನಗಳಲ್ಲಿದ್ದವರು ವಿದ್ಯಾರ್ಥಿಗಳಿಗಾಗಿ ಚಪ್ಪಾಳೆಯನ್ನೂ ತಟ್ಟಲಾರದವರು. ಅವರ ತಂದೆಗೆ ದೊರೆತದ್ದು ಹಿಂದಿನ ಸಾಲು. ಕಪ್ಪು ಜನರ ವಿಶ್ವವಿದ್ಯಾಲಯದ ಪುಸ್ತಕದ ಅಂಗಡಿ, ಮಾಂಸ ಪೂರೈಕೆಯ ಗುತ್ತಿಗೆ, ರಜೆಯ ಕೆಲಸಗಳು ಬಿಳಿಯರ ಪಾಲಾಗುತ್ತಿರುವುದನ್ನೂ ತಿರೋ ಪ್ರಸ್ತಾಪಿಸಿ, ಎಲ್ಲರಿಗೂ ಒಂದೇ ಶಿಕ್ಷಣ ವ್ಯವಸ್ಥೆ ಬೇಕೆಂದರು. ವಿಧಿಯು ನೀಡಿದ ಮಾತಿನ ಹಕ್ಕನ್ನೇ ಬಳಸಿ ವಿಧಿಯ ಟೊಳ್ಳುತನವನ್ನು ತೋರಿಸಿದ ಭಾಷಣವಿದು. ಆಸನಗಳ ಸಾಲಿನಲ್ಲಿ ಇಡೀ ರಾಜ್ಯವ್ಯವಸ್ಥೆಯನ್ನು ಓದಿದ್ದು ಅದರ ಶಕ್ತಿ.

ತಿರೋ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಲಾಯಿತು. ಅದನ್ನು ವಿರೋಧಿಸಿ ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದಾಗ ಆಡಳಿತವು ಎಲ್ಲರನ್ನೂ ಉಚ್ಚಾಟಿಸಿ, ಮರುಪ್ರವೇಶಕ್ಕೆ ಅರ್ಜಿ ಹಾಕುವಂತೆ ಸೂಚಿಸಿತು. ಮೇ ತಿಂಗಳಲ್ಲಿ ಆಲಿಸ್ ಪಟ್ಟಣದಲ್ಲಿ ಸಾಸೋ ಹೊರಡಿಸಿದ ಘೋಷಣೆಯು ಕಪ್ಪು ವಿಶ್ವವಿದ್ಯಾಲಯಗಳೆಲ್ಲದರಲ್ಲೂ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಮುಷ್ಕರ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಹಬ್ಬಿತು. ಜೂನ್ 2ರಂದು ಕೇಪ್‌ಟೌನಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನ ಮೆಟ್ಟಿಲುಗಳಲ್ಲಿ ಬೆಂಬಲವಾಗಿ ಸೇರಿದ್ದ ಬಿಳಿಯ ವಿದ್ಯಾರ್ಥಿಗಳೂ ಪೊಲೀಸರ ಲಾಠಿಗೆ ಸಿಲುಕಿದರು.

ತಿರೋ ಕೆಲಕಾಲ ಸೊವೆಟೊದ ಮಾರಿಸ್ ಐಸಾಕ್‌ಸನ್ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ, ಕೆಲಸ ಕಳೆದುಕೊಂಡು, 1973ರಲ್ಲಿ ಬೋಟ್ಸ್ವಾನಾಕ್ಕೆ ತೆರಳಿದರು. 1974ರ ಫೆಬ್ರುವರಿ 1ರಂದು ಅಂಚೆಯಲ್ಲಿ ಬಂದ ಬಾಂಬ್ ಅವರನ್ನು ಕೊಂದಿತು. 1976ರ ಜೂನ್ 16ರ ಸೊವೆಟೊ ಮೆರವಣಿಗೆಯ ಮುಂದಾಳು ತ್ಸಿಯೆತ್ಸಿ ಮಾಶಿನಿನಿ ಅದೇ ಶಾಲೆಯ ವಿದ್ಯಾರ್ಥಿ. ಟರ್ಫ್‌ಲೂಪ್‌ಗೆ ಮೊದಲ ಕಪ್ಪು ಕುಲಪತಿಯಾಗಿ ವಿಲಿಯಂ ಕ್ಗ್ವಾರೆ ಬಂದದ್ದು 1977ರಲ್ಲಿ.

ಇಷ್ಟರಿಂದ ಗುಣಮಟ್ಟದ ಪ್ರಶ್ನೆ ಮುಗಿಯಲಿಲ್ಲ. ವರ್ಣಭೇದದ ಕಾಯಿದೆಗಳು ಅಳಿದ ಮೇಲೂ ಅವು ಕಟ್ಟಿದ ಅಸಮಾನ ಗ್ರಂಥಾಲಯ, ಪ್ರಯೋಗಾಲಯ, ಬೊಕ್ಕಸಗಳು ಒಮ್ಮೆಲೇ ಸಮವಾಗಲಿಲ್ಲ. 2015ರಲ್ಲಿ ಶುಲ್ಕ ಹೆಚ್ಚಳದ ವಿರುದ್ಧ ದೇಶದ ವಿದ್ಯಾರ್ಥಿಗಳು ಮತ್ತೆ ಬೀದಿಗಿಳಿದರು; ಅಕ್ಟೋಬರ್ 23ರಂದು ಸರ್ಕಾರ ಮರುವರ್ಷದ ಹೆಚ್ಚಳವನ್ನು ಕೈಬಿಟ್ಟಿತು. ಟರ್ಫ್‌ಲೂಪ್ ಅಷ್ಟರಲ್ಲಿ, 2005ರಿಂದ, ಲಿಂಪೊಪೊ ವಿಶ್ವವಿದ್ಯಾಲಯದ ಭಾಗವಾಗಿತ್ತು.

ನಮ್ಮ ಜಾನಪದ ಕ್ಷೇತ್ರಕಾರ್ಯವು ಗೀತೆ, ಕತೆ, ಗಾದೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದೆ. ವಿದ್ಯಾರ್ಥಿನಿಲಯದ ಅಡ್ಡಹೆಸರು, ಪ್ರತಿಭಟನೆಯ ಘೋಷಣೆ, ಸಮಾರಂಭದಲ್ಲಿ ಯಾರು ಎಲ್ಲಿ ಕುಳಿತರೆಂಬ ನೆನಪು ಇವುಗಳಿಗೂ ಆ ಶ್ರದ್ಧೆ ಸಲ್ಲಬೇಕು. ಕಾಯಿದೆಯ ಪುಸ್ತಕದಲ್ಲಿ ‘ವಿಸ್ತರಣೆ’ ಎಂದಿದ್ದುದು ವಿದ್ಯಾರ್ಥಿಗಳ ಬಾಯಲ್ಲಿ ‘ಬುಷ್’ ಆಗಿತ್ತು. ಚರಿತ್ರೆ ಬರೆಯುವವನಿಗೆ ಎರಡೂ ಆಕರಗಳು ಬೇಕು. ಸತ್ಯ ಯಾವುದರಲ್ಲಿತ್ತೆಂಬುದನ್ನು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ತಂದೆ ಬಲ್ಲವರಾಗಿದ್ದರು.