ಯತೀಂಖಾನೆಯಿಂದ ಮನೆಯಂಗಳಕ್ಕೆ: ಅನಾಥ ಮಕ್ಕಳ ಆಸರೆಯ ಇತಿಹಾಸ

ಉರ್ದುವಿನ 'ಯತೀಂ' ಎಂಬ ಪದವನ್ನು ನಾವು ಕನ್ನಡದಲ್ಲಿ 'ಅನಾಥ' ಎಂದು ಅನುವಾದಿಸುತ್ತೇವೆ. ಆದರೆ ಇವೆರಡೂ ಒಂದೇ ಅಲ್ಲ. ಅನಾಥನೆಂದರೆ ದಿಕ್ಕಿಲ್ಲದವನು. ಯತೀಂ ಎಂದರೆ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳೆದುಕೊಂಡ ಮಗು. ಅವನಿಗೆ ತಾಯಿ ಇರಬಹುದು, ಅಜ್ಜ, ಚಿಕ್ಕಪ್ಪ, ಸೋದರಮಾವ ಇರಬಹುದು. ಪ್ರವಾದಿ ಮುಹಮ್ಮದ್ (ಸ) ಅವರು ಹುಟ್ಟುವ ಮೊದಲೇ ತಂದೆಯನ್ನೂ ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡವರು. ಅವರು ಬೆಳೆದದ್ದು ಅಜ್ಜ ಅಬ್ದುಲ್ ಮುತ್ತಲಿಬ್ ಮತ್ತು ಅನಂತರ ದೊಡ್ಡಪ್ಪ ಅಬೂತಾಲಿಬರ ಮನೆಯಲ್ಲಿ. ಪದದ ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ನಮ್ಮ ಸಮುದಾಯದ ಸೇವೆ ಒಂದು ನಿರ್ದಿಷ್ಟ ದಾರಿ ಹಿಡಿಯಿತು ಎಂದು ನನ್ನ ಅಭಿಪ್ರಾಯ.

ಕಟ್ಟಡ ಕಟ್ಟಿ ಮಕ್ಕಳನ್ನು ಒಂದೆಡೆ ಸೇರಿಸುವ ಪದ್ಧತಿ ನಮ್ಮಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಕ್ಷಾಮಗಳಿಂದ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ನಲುಗಿಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೀದಿಪಾಲಾದ ಮಕ್ಕಳನ್ನು ಕ್ರೈಸ್ತ ಮಿಷನ್‌ಗಳು ತಮ್ಮ ಅನಾಥಾಲಯಗಳಿಗೆ ಕರೆದೊಯ್ದವು. ಆ ಕಾಲದಲ್ಲಿ ಬೇರೆ ಯಾರೂ ಅಷ್ಟು ವ್ಯವಸ್ಥಿತವಾಗಿ ಮಾಡದ ಕೆಲಸವನ್ನು ಅವರು ಮಾಡಿದರು ಎಂಬುದನ್ನು ಒಪ್ಪಲೇಬೇಕು. ಆದರೆ ಮಕ್ಕಳು ಧರ್ಮದಿಂದ ದೂರವಾಗುತ್ತಾರೆಂಬ ಆತಂಕ ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಹುಟ್ಟಿತು. ಉತ್ತರದಲ್ಲಿ ಆರ್ಯಸಮಾಜ ಅನಾಥಾಲಯಗಳನ್ನು ತೆರೆಯಿತು. 1884ರಲ್ಲಿ ಲಾಹೋರಿನಲ್ಲಿ ಸ್ಥಾಪನೆಯಾದ ಅಂಜುಮನ್ ಹಿಮಾಯತೆ ಇಸ್ಲಾಂ ಶಾಲೆಗಳ ಜೊತೆಗೆ ಯತೀಂಖಾನೆಯನ್ನೂ ನಡೆಸಿತು. ಅದರ ವಾರ್ಷಿಕ ಸಭೆಗಳೆಂದರೆ ಚಂದಾ ಸಂಗ್ರಹದ ದೊಡ್ಡ ಸಂದರ್ಭ. ಯುವಕ ಇಕ್ಬಾಲ್ 'ನಾಲಾ-ಎ-ಯತೀಂ' ಕವನವನ್ನು ವಾಚಿಸಿದ್ದು ಅಂಥದೇ ಒಂದು ಸಭೆಯಲ್ಲಿ. ಉರ್ದು ಕಾವ್ಯದ ಒಬ್ಬ ಮಹಾಕವಿ ಜನರ ಮುಂದೆ ಬಂದದ್ದು ಯತೀಂಖಾನೆಯ ವೇದಿಕೆಯಿಂದ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಲಿ.

ನಮ್ಮ ನೆರೆಯ ಮಲಬಾರಿನ ಕಥೆ ಇನ್ನೂ ಹತ್ತಿರದ್ದು. 1921ರ ಬಂಡಾಯ ಮತ್ತು ಅದರ ದಮನದಲ್ಲಿ ಸಾವಿರಾರು ಮಾಪಿಳ್ಳ ಗಂಡಸರು ಸತ್ತರು, ಜೈಲು ಸೇರಿದರು ಅಥವಾ ಅಂಡಮಾನಿಗೆ ಹೋದರು. ಉಳಿದ ಮಕ್ಕಳಿಗಾಗಿ 1922ರಲ್ಲಿ ಕೋಝಿಕ್ಕೋಡಿನಲ್ಲಿ ಜೆಡಿಟಿ ಇಸ್ಲಾಂ ಅನಾಥಾಲಯ ಆರಂಭವಾಯಿತು. ಅದನ್ನು ಹುಟ್ಟುಹಾಕಿದವರು ದೂರದ ಪಂಜಾಬಿನ ಮುಸ್ಲಿಮರು. 1943ರಲ್ಲಿ ಕಾಲರಾ ಬಂದಾಗ ತಿರೂರಂಗಾಡಿಯಲ್ಲಿ ಮತ್ತೊಂದು, 1956ರಲ್ಲಿ ಮುಕ್ಕಂನಲ್ಲಿ ಇನ್ನೊಂದು ತಲೆ ಎತ್ತಿದವು. ಇವು ಬರೀ ಊಟ ಹಾಕುವ ಮನೆಗಳಾಗಿ ಉಳಿಯಲಿಲ್ಲ. ಶಾಲೆ, ಕಾಲೇಜು, ತಾಂತ್ರಿಕ ತರಬೇತಿ ಎಲ್ಲವೂ ಅವುಗಳ ಸುತ್ತ ಬೆಳೆದವು. ಮಲಬಾರಿನ ಮುಸ್ಲಿಮರ ಶೈಕ್ಷಣಿಕ ಪ್ರಗತಿಯಲ್ಲಿ ಅನಾಥಾಲಯಗಳ ಪಾಲು ದೊಡ್ಡದು.

ಈ ಅವಧಿಯಲ್ಲಿ ಸರಕಾರ ಏನು ಮಾಡುತ್ತಿತ್ತು? ಹೆಚ್ಚಿಗೇನಿಲ್ಲ. ದಕ್ಷಿಣ ಕನ್ನಡ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1920ರ ಮಕ್ಕಳ ಕಾಯಿದೆ, ಧಾರವಾಡ, ಬಿಜಾಪುರಗಳಿದ್ದ ಮುಂಬಯಿ ಪ್ರಾಂತದಲ್ಲಿ 1924ರ ಕಾಯಿದೆ ಬಂದವು. ಏಕೀಕರಣದ ನಂತರ 1964ರಲ್ಲಿ ನಮ್ಮ ರಾಜ್ಯಕ್ಕೆ ತನ್ನದೇ ಕಾಯಿದೆಯಾಯಿತು. ಇವೆಲ್ಲವುಗಳ ದೃಷ್ಟಿಯಲ್ಲಿ ಬಡ ಮಗುವೂ ಅಪರಾಧ ಮಾಡಿದ ಮಗುವೂ ಹೆಚ್ಚುಕಡಿಮೆ ಒಂದೇ ಸಾಲಿನವರು. ಪರಿಹಾರವೂ ಒಂದೇ, ಯಾವುದಾದರೂ ಸಂಸ್ಥೆಗೆ ಸೇರಿಸುವುದು. ಮಗುವನ್ನು ಮನೆಯಲ್ಲೇ ಇಟ್ಟು ನೆರವಾಗುವ ಮೊದಲ ದೊಡ್ಡ ಹೆಜ್ಜೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಅಂಗನವಾಡಿ ಯೋಜನೆ. ಕರ್ನಾಟಕದಲ್ಲಿ ಅದು ಶುರುವಾದದ್ದು ತಿರುಮಕೂಡಲು ನರಸೀಪುರದಲ್ಲಿ. 1996ರಲ್ಲಿ ಮುಂಬಯಿಯಲ್ಲಿ 1098 ಸಹಾಯವಾಣಿ ಹುಟ್ಟಿತು. 2000ದ ಬಾಲನ್ಯಾಯ ಕಾಯಿದೆ ರಕ್ಷಣೆ ಬೇಕಾದ ಮಕ್ಕಳನ್ನು ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳಿಂದ ಬೇರ್ಪಡಿಸಿ, ಅವರಿಗಾಗಿ ಮಕ್ಕಳ ಕಲ್ಯಾಣ ಸಮಿತಿಗಳನ್ನು ತಂದಿತು. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬುದನ್ನು 2015ರ ಕಾಯಿದೆ ಸ್ಪಷ್ಟವಾಗಿ ಹೇಳಿತು.

ಇಲ್ಲಿಯೇ ನಮ್ಮ ಹಳೆಯ ಯತೀಂಖಾನೆಗಳಿಗೂ ಹೊಸ ಕಾಯಿದೆಗೂ ತಿಕ್ಕಾಟ ಬಂತು. 2014ರ ಮೇ ತಿಂಗಳಲ್ಲಿ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳಗಳಿಂದ ಕೇರಳದ ಅನಾಥಾಲಯಗಳಿಗೆ ರೈಲಿನಲ್ಲಿ ಹೊರಟಿದ್ದ ಐನೂರಕ್ಕೂ ಹೆಚ್ಚು ಮಕ್ಕಳನ್ನು ಪಾಲಕ್ಕಾಡಿನಲ್ಲಿ ತಡೆಯಲಾಯಿತು. ಮಾನವ ಕಳ್ಳಸಾಗಣೆಯ ದೊಡ್ಡ ಗುಲ್ಲೆದ್ದಿತು. ತನಿಖೆಯ ಕೊನೆಗೆ ಕಳ್ಳಸಾಗಣೆಯ ಆರೋಪ ನಿಲ್ಲಲಿಲ್ಲ. ಆದರೆ ಹೆತ್ತವರಿದ್ದ ಮಕ್ಕಳೇ ಓದಿಗಾಗಿ, ಊಟಕ್ಕಾಗಿ ಸಾವಿರಾರು ಮೈಲಿ ದೂರದ ಅನಾಥಾಲಯಕ್ಕೆ ಬರುತ್ತಿದ್ದರು ಎಂಬ ಸಂಗತಿ ಹೊರಬಿತ್ತು. ಆರೋಪ ಸುಳ್ಳಾಯಿತೆಂದು ನಾವು ಸಮಾಧಾನಪಟ್ಟೆವು. ಈ ಸಂಗತಿಯ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ. ಮಕ್ಕಳ ಪಾಲನಾ ಸಂಸ್ಥೆಗಳೆಲ್ಲ 2017ರ ಕೊನೆಯೊಳಗೆ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಆ ವರ್ಷದ ಮೇ ತಿಂಗಳಲ್ಲಿ ಆದೇಶಿಸಿದಾಗ ಅನೇಕ ಆಡಳಿತ ಮಂಡಳಿಗಳು ಬೇಸರಪಟ್ಟವು. ಕೋಣೆ, ಸಿಬ್ಬಂದಿಗಳ ಕುರಿತ ನಿಯಮಗಳು ದಾನದಿಂದ ನಡೆಯುವ ಸಣ್ಣ ಸಂಸ್ಥೆಗೆ ಭಾರವೆಂಬ ದೂರಿನಲ್ಲಿ ನ್ಯಾಯವಿದೆ. ಹೊರಗಿನವರು ಬಂದು ನೋಡಬಾರದು ಎಂಬ ಮಾತಿನಲ್ಲಿ ಮಾತ್ರ ನನಗೆ ನ್ಯಾಯ ಕಾಣುವುದಿಲ್ಲ.

ಈಗ ತಾಯಿಯ ಬಳಿಯೇ ಇರುವ ಮಗುವಿಗೆ ಏನಿದೆ? ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂ. ಸಿಗುತ್ತದೆ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ, ಗಂಡ ಬಿಟ್ಟುಹೋಗಿದ್ದರೆ ಅಥವಾ ಮಗು ಅಜ್ಜಿ ಮನೆಯಲ್ಲಿ ಬೆಳೆಯುವ ಅನಾಥನಾಗಿದ್ದರೆ ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಇತರೆಡೆ 96,000 ರೂ. ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಯತೀಂ ಎಂಬ ಪದದ ಮೂಲ ಅರ್ಥಕ್ಕೆ ಇಷ್ಟು ಹತ್ತಿರವಾದ ಯೋಜನೆ ಇನ್ನೊಂದಿಲ್ಲ. ಆದರೂ ರಮಝಾನಿನಲ್ಲಿ ನಮ್ಮ ಝಕಾತ್ ಹಾಸ್ಟೆಲುಗಳ ರಸೀದಿ ಪುಸ್ತಕಕ್ಕೆ ಹೋಗುವಷ್ಟು ಸಲೀಸಾಗಿ ಇಂಥ ತಾಯಂದಿರ ಅರ್ಜಿ ಕಚೇರಿ ತಲುಪುವುದಿಲ್ಲ.

ತಲುಪದಿರಲು ಸರಕಾರಿ ಉದಾಸೀನವೊಂದೇ ಕಾರಣವಲ್ಲ. ಅರ್ಜಿಗೆ ತಂದೆಯ ಮರಣ ಪ್ರಮಾಣಪತ್ರ ಬೇಕು. ಮರಣವನ್ನು 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲದೆ ನೋಂದಣಿಯಾಗುತ್ತದೆ. 30 ದಿನ ಕಳೆದರೆ ಅಧಿಕಾರಿಯ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. ನಮ್ಮ ಮನೆಗಳಲ್ಲಿ ವಿಧವೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ ಇರುತ್ತಾಳೆ. ಆಕೆ ಹೊರಗೆ ಬರುವ ಹೊತ್ತಿಗೆ ಮೊದಲ ಎರಡು ಗಡುವುಗಳು ಮುಗಿದಿರುತ್ತವೆ. ಮನೆಯಲ್ಲಿ ಸಂಭವಿಸಿದ ಮರಣವನ್ನು ಹತ್ತಿರದ ಸಂಬಂಧಿಕರೇ ತಿಳಿಸಬಹುದು, ವಿಧವೆ ಹೋಗಬೇಕೆಂದಿಲ್ಲ. ದಫನ್‌ಗೆ ಸೇರಿದ ಗಂಡಸರಲ್ಲಿ ಒಬ್ಬರು, ಅಥವಾ ಜಮಾಅತಿನ ಕಾರ್ಯದರ್ಶಿ, ಅದೇ ವಾರ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಹೋಗಿ ಅದನ್ನು ಬರೆಸಿ ಬರಬಹುದು.