ಲಿಸ್ಯೂವಿನ ಕಿರುದಾರಿ

1897ರ ಬೇಸಗೆಯಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಲಿಸ್ಯೂ ಎಂಬ ಸಣ್ಣ ಪಟ್ಟಣದ ಕಾರ್ಮೆಲ್ ಮಠದಲ್ಲಿ, 24 ವರ್ಷದ ಸನ್ಯಾಸಿನಿಯೊಬ್ಬಳು ಕ್ಷಯರೋಗದಿಂದ ಹಾಸಿಗೆ ಹಿಡಿದಿದ್ದಳು. ಸನ್ಯಾಸಿನಿಯೊಬ್ಬಳು ತೀರಿಕೊಂಡರೆ ಆಕೆಯ ಜೀವನವೃತ್ತಾಂತವನ್ನು ಬರೆದು ಆ ಪಂಥದ ಉಳಿದ ಮಠಗಳಿಗೆ ಕಳುಹಿಸುವುದು ಅಲ್ಲಿಯ ವಾಡಿಕೆ. ಜೊತೆಯವಳೊಬ್ಬಳಿಗೆ ಆಗ ಒಂದು ಚಿಂತೆ ಹತ್ತಿತಂತೆ: ಇವಳ ವಿಷಯದಲ್ಲಿ ನಮ್ಮ ಮಠಾಧ್ಯಕ್ಷೆ ಬರೆಯುವುದಾದರೂ ಏನನ್ನು? ಹೇಳಿಕೊಳ್ಳುವಂಥದ್ದನ್ನು ಇವಳೇನೂ ಮಾಡಿಲ್ಲವಲ್ಲ!

ಆ ಚಿಂತೆ ಅಸಹಜವಾದುದೇನಲ್ಲ. ತೆರೇಸಾ ಮಾರ್ತಿನ್ ಹುಟ್ಟಿದ್ದು 1873ರಲ್ಲಿ, ಅಲಾಂಸೊ ಎಂಬ ಊರಿನಲ್ಲಿ. ತಂದೆ ಗಡಿಯಾರದ ಕೆಲಸದವರು. ತಾಯಿ ಕಸೂತಿ ಜಾಲರಿ ಹೆಣೆಸುವ ಉದ್ಯೋಗ ನಡೆಸುತ್ತಿದ್ದವರು. ತಾಯಿ ತೀರಿಕೊಂಡಾಗ ಮಗುವಿಗೆ ಇನ್ನೂ 4 ವರ್ಷ. 13ನೆಯ ವಯಸ್ಸಿಗೆ ಶಾಲೆ ಮುಗಿಯಿತು. 1888ರಲ್ಲಿ, 15 ವರ್ಷ ತುಂಬಿದ್ದ ಹುಡುಗಿ ಮಠವನ್ನು ಸೇರಿದಳು. ಅಲ್ಲಿಂದ ಹೊರಗೆ ಬಂದದ್ದು ಶವಪೆಟ್ಟಿಗೆಯಲ್ಲಿ. ಪವಾಡವಿಲ್ಲ, ಪ್ರವಚನವಿಲ್ಲ, ಸ್ಥಾಪಿಸಿದ ಸಂಸ್ಥೆಯಿಲ್ಲ. ಹೀಗಿದ್ದೂ 1925ರಲ್ಲಿ ರೋಮಿನ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. 1997ರಲ್ಲಿ ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿತು. ಅದುವರೆಗೆ ಆ ಪದವಿ ಸಂದಿದ್ದ ಸ್ತ್ರೀಯರು ಇಬ್ಬರೇ. ಶಾಲೆಯನ್ನೇ ಪೂರೈಸದ ಹುಡುಗಿ ಪಂಡಿತರಿಗೆ ಕಲಿಸಿದ ಪಾಠವಾವುದು?

ಇದನ್ನು ತಿಳಿಯಬೇಕಾದರೆ ಆ ಕಾಲದ ಫ್ರಾನ್ಸಿನ ಭಕ್ತಿಯ ಹವೆಯನ್ನು ಸ್ವಲ್ಪ ಅರಿಯಬೇಕು. 17ನೆಯ ಶತಮಾನದ ಜಾನ್ಸೆನ್ ಪಂಥದ ಕಠೋರ ಬೋಧನೆಯ ನೆರಳು ಇನ್ನೂ ಅಲ್ಲಿ ಉಳಿದಿತ್ತು. ದೇವರೆಂದರೆ ಮುಖ್ಯವಾಗಿ ನ್ಯಾಯಾಧಿಪತಿ. ಪಾಪ ಪುಣ್ಯಗಳ ಲೆಕ್ಕ ಅವನಲ್ಲಿ ಕಾಸಿಗೆ ಕಾಸು ಸಲ್ಲಬೇಕು. ಲೋಕದ ಪಾಪಕ್ಕೆ ಬರಬೇಕಾದ ದಂಡನೆ ನನ್ನ ಮೇಲೆ ಬೀಳಲಿ ಎಂದು ದೈವೀ ನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಒಪ್ಪಿಸಿಕೊಳ್ಳುವ ಸನ್ಯಾಸಿನಿಯರು ಆಗ ಇದ್ದರು. ತೆರೇಸಾ ಅವರ ಔದಾರ್ಯವನ್ನು ಮೆಚ್ಚಿದಳು. ಆದರೆ ಆ ದಾರಿಯನ್ನು ಹಿಡಿಯಲಿಲ್ಲ. 1895ರ ಜೂನ್ 9ರಂದು ಆಕೆ ತನ್ನನ್ನು ಅರ್ಪಿಸಿಕೊಂಡದ್ದು ದೇವರ ಕರುಣೆಗೆ. ಕೊಡುವವನು ಕಾದಿದ್ದಾನೆ, ಪಡೆಯುವವರೇ ಇಲ್ಲ ಎಂಬುದು ಆಕೆಯ ಅಳಲಾಗಿತ್ತು.

ಸಂತರೆಲ್ಲ ಬೆಟ್ಟಗಳು, ತಾನು ಕಾಲ್ತುಳಿತದ ಮರಳಿನ ಕಣ ಎಂದು ಆಕೆ ಕಂಡುಕೊಂಡಿದ್ದಳು. ಇಂಥವಳು ಪರಿಪೂರ್ಣತೆಯ ಮೆಟ್ಟಿಲುಗಳನ್ನು ಏರುವುದು ಹೇಗೆ? ಸಿರಿವಂತರ ಮನೆಗಳಲ್ಲಿ ಆಗ ಲಿಫ್ಟುಗಳು ಕಾಣಿಸಿಕೊಳ್ಳತೊಡಗಿದ್ದವು. ತನ್ನನ್ನು ಮೇಲೆತ್ತುವ ಲಿಫ್ಟು ಯೇಸುವಿನ ತೋಳುಗಳೇ ಎಂದು ಆಕೆ ಬರೆದಳು. ಎತ್ತಿಕೊಳ್ಳಬೇಕಾದರೆ ಬೆಳೆದು ದೊಡ್ಡವಳಾಗಬೇಕಿಲ್ಲ, ಚಿಕ್ಕವಳಾಗಿಯೇ ಉಳಿಯಬೇಕು. ನಮ್ಮ ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯವನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು. ಮರಿಕೋತಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ.

ಹಾಗೆಂದು ಇದು ಸೋಮಾರಿಗಳ ದಾರಿಯಲ್ಲ. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆನೀರನ್ನು ಮುಖಕ್ಕೆ ಎರಚುತ್ತಿದ್ದರೆ ಮುಖ ಒರೆಸಿಕೊಳ್ಳದೆ ನಿಲ್ಲುವುದು. ಧ್ಯಾನದ ವೇಳೆಯಲ್ಲಿ ಹಿಂದೆ ಕುಳಿತವಳು ಮಾಡುವ ಸಣ್ಣ ಸದ್ದನ್ನು, ಮೈ ಬೆವರುವಷ್ಟು ಕಿರಿಕಿರಿಯಾದರೂ, ಸಂಗೀತವೆಂದು ಭಾವಿಸಿ ದೇವರಿಗೆ ಅರ್ಪಿಸುವುದು. ಯಾರು ಹಿಡಿದು ನಡೆಸಿದರೂ ಗೊಣಗುವ ವೃದ್ಧೆಯೊಬ್ಬಳನ್ನು ಪ್ರತಿ ಸಂಜೆ ಊಟದ ಮನೆಗೆ ಕರೆದೊಯ್ದು ರೊಟ್ಟಿ ಮುರಿದುಕೊಡುವುದು. ಆಕೆಯ ತಪಸ್ಸೆಲ್ಲ ಇಷ್ಟೇ. ಪ್ರಾರ್ಥನೆಯ ನಡುವೆ ಆಕೆಗೆ ವರ್ಷಗಟ್ಟಲೆ ನಿದ್ದೆ ಬರುತ್ತಿತ್ತು. ಇದಕ್ಕಾಗಿ ಆಕೆ ತನ್ನನ್ನು ಹಳಿದುಕೊಳ್ಳಲಿಲ್ಲ. ಎಚ್ಚರದ ಮಗುವಿನಷ್ಟೇ ಮಲಗಿದ ಮಗುವೂ ತಂದೆತಾಯಿಗೆ ಪ್ರಿಯವಲ್ಲವೆ ಎಂದುಕೊಂಡಳು. ತನ್ನ ಕೊರತೆಯನ್ನು ಕಂಡು ಬೆರಗಾಗದಿರುವುದು, ಅದನ್ನು ಮುಚ್ಚಿಡದಿರುವುದು: ದೈನ್ಯವೆಂದರೆ ಆಕೆಗೆ ಇಷ್ಟು ಸರಳ.

ಇಲ್ಲಿಗೆ ನಿಂತಿದ್ದರೆ ಇದೊಂದು ಮುದ್ದಾದ ಕಥೆಯಾಗಿ ಮುಗಿಯುತ್ತಿತ್ತು. 1896ರ ಏಪ್ರಿಲ್ 3, ಶುಭಶುಕ್ರವಾರದ ಮೊದಲ ಜಾವ. ಮಲಗಲು ಹೋದವಳ ಬಾಯಿಗೆ ಏನೋ ಬಿಸಿಯಾಗಿ ಉಕ್ಕಿಬಂತು. ದೀಪ ಆರಿಸಿಯಾಗಿತ್ತು, ಮತ್ತೆ ಹಚ್ಚಿ ನೋಡಲಿಲ್ಲ, ಬೆಳಗಿನವರೆಗೆ ಕಾದಳು. ಕರವಸ್ತ್ರದಲ್ಲಿ ಇದ್ದದ್ದು ರಕ್ತ. ಸ್ವರ್ಗ ಸಮೀಪಿಸಿತೆಂದು ಆಕೆಗೆ ಸಂತೋಷವೇ ಆಯಿತು. ಆದರೆ ಕೆಲವೇ ದಿನಗಳಲ್ಲಿ ಆ ಸ್ವರ್ಗದ ಮೇಲೆಯೇ ಮಂಜು ಕವಿಯಿತು. ಸಾವಿನ ಆಚೆ ಇರುವುದು ಬರಿಯ ಶೂನ್ಯ ಎಂದು ಕತ್ತಲು ಹಂಗಿಸತೊಡಗಿತು. ಇದು ಸಾಯುವ ತನಕ, ಹೆಚ್ಚುಕಡಮೆ 18 ತಿಂಗಳ ಕಾಲ, ಆಕೆಯನ್ನು ಬಿಡಲಿಲ್ಲ.

ರನಾನನ ಯೇಸುಚರಿತ್ರೆ 1863ರಲ್ಲಿ ಹೊರಬಂದು ನಾಡನ್ನೇ ಕಲಕಿತ್ತು. 1882ರ ಶಾಸನ ಸರ್ಕಾರಿ ಶಾಲೆಗಳಿಂದ ಧರ್ಮಬೋಧೆಯನ್ನು ಹೊರಗಿಟ್ಟಿತ್ತು. ನಂಬದವರಿಗೂ ನಂಬುವವರಿಗೂ ನಡುವೆ ಮಾತು ಕಡಿದುಹೋಗಿದ್ದ ಕಾಲ ಅದು. ನಾಸ್ತಿಕರು ಮನಸ್ಸಿಗೆ ವಿರುದ್ಧವಾಗಿ ಹಾಗೆ ಆಡುತ್ತಾರೆಂದು ತೆರೇಸಾ ಮೊದಲು ತಿಳಿದಿದ್ದಳು. ಈಗ, ನಿಜವಾಗಿಯೂ ಶ್ರದ್ಧೆ ಇಲ್ಲದವರು ಇದ್ದಾರೆಂಬುದು ಆಕೆಗೆ ಸ್ವಾನುಭವದಿಂದ ತಿಳಿಯಿತು. ಮಠದ ಗೋಡೆಯ ಒಳಗಿನಿಂದಲೇ ಅವರನ್ನು ಸಹೋದರರೆಂದು ಕರೆದಳು. ಅವರ ಪಂಕ್ತಿಯಲ್ಲಿ ಕುಳಿತು ದುಃಖದ ರೊಟ್ಟಿ ತಿನ್ನಲು ಒಪ್ಪಿದಳು. ಖಂಡಿಸಲಿಲ್ಲ, ವಾದಿಸಲಿಲ್ಲ. ಶ್ರದ್ಧಾಪ್ರಮಾಣವನ್ನು ತನ್ನ ರಕ್ತದಿಂದ ಬರೆದು ಎದೆಯ ಮೇಲೆ ಧರಿಸಿದಳು. ಕಾಣುವಾಗ ನಂಬುವುದು ಸುಲಭ. ಕಾಣದಿರುವಾಗಲೂ ಕೈಬಿಡದಿರುವುದು ಆಕೆಯ ಸರಳ ಶ್ರದ್ಧೆಯ ನಿಜವಾದ ಬೆಲೆ.

1897ರ ಸೆಪ್ಟೆಂಬರ್ 30ರಂದು ಆಕೆ ತೀರಿಕೊಂಡಳು. ಹಿರಿಯರ ಅಪ್ಪಣೆಯಂತೆ ಬರೆದಿಟ್ಟಿದ್ದ ಕಾಗದಗಳನ್ನು ಅದೇ ಮಠದಲ್ಲಿದ್ದ ಅಕ್ಕ ಪೌಲಿನ್ ತಿದ್ದಿ, ಅಧ್ಯಾಯಗಳಾಗಿ ವಿಂಗಡಿಸಿ, ಮುಂದಿನ ವರ್ಷ ‘ಒಂದು ಆತ್ಮದ ಕಥೆ’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದಳು. ತಿದ್ದುಪಡಿಗಳು ಸುಮಾರು 7000. ಇನ್ನೊಬ್ಬ ಅಕ್ಕ ಸೆಲೀನ್ ಮಠಕ್ಕೆ ಕ್ಯಾಮರಾ ತಂದಿದ್ದವಳು. ಭಾವಚಿತ್ರಗಳಲ್ಲಿಯ ತಂಗಿಯ ಮುಖವನ್ನು ಆಕೆ ಕುಂಚದಿಂದ ನಯಗೊಳಿಸಿದಳು. ಗುಲಾಬಿ ಹಿಡಿದ ಆ ಸೌಮ್ಯ ಮುಖವೇ ಜಗತ್ತಿನ ಇಗರ್ಜಿಗಳಲ್ಲೆಲ್ಲ ನಿಂತಿತು. ಮೂಲ ಹಸ್ತಪ್ರತಿ 1956ರಲ್ಲಿಯೂ ತಿದ್ದದ ಛಾಯಾಚಿತ್ರಗಳು 1961ರಲ್ಲಿಯೂ ಪ್ರಕಟವಾದಾಗ ಓದುಗರು ಕಂಡದ್ದು ಹೆಚ್ಚು ದೃಢವಾದ ಮುಖವನ್ನು, ಹೆಚ್ಚು ನೇರವಾದ ದನಿಯನ್ನು. ಅಕ್ಕಂದಿರ ಪ್ರೀತಿಯನ್ನು ನಾವು ತಪ್ಪೆನ್ನಲಾರೆವು. ಆದರೆ ಸರಳತೆಯನ್ನು ಸಿಹಿಯೆಂದು ಬಗೆಯುವ ನಮ್ಮೆಲ್ಲರ ಚಾಳಿ ಅವರಲ್ಲಿಯೂ ಇತ್ತು.

1927ರಲ್ಲಿ ಆಕೆಯನ್ನು ಧರ್ಮಪ್ರಚಾರಕರ ಪಾಲಕಿಯನ್ನಾಗಿ ಹೆಸರಿಸಿದಾಗ ಜೊತೆಗೆ ನಿಂತ ಹೆಸರು, ಗೋವೆಯಲ್ಲಿ ದೇಹವಿರಿಸಿರುವ ಫ್ರಾನ್ಸಿಸ್ ಜೇವಿಯರರದು. ಒಬ್ಬರು ಕಡಲುಗಳನ್ನು ದಾಟಿದವರು. ಇನ್ನೊಬ್ಬಳು ಹೊಸಿಲನ್ನೂ ದಾಟದವಳು. ಕಲ್ಕತ್ತೆಯ ಮದರ್ ತೆರೇಸಾ ತಮ್ಮ ಹೆಸರನ್ನು ತೆಗೆದುಕೊಂಡದ್ದು ಲಿಸ್ಯೂವಿನ ಈ ಕಿರಿಯಳಿಂದ. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ, ದೀರ್ಘಕಾಲ ಅವರೂ ಇಂಥದೇ ಕತ್ತಲೆಯಲ್ಲಿ ನಡೆದಿದ್ದರೆಂದು ತಿಳಿದುಬಂತು.

ಮೊದಲಿನ ಆ ಪ್ರಶ್ನೆ ಉಳಿದಿದೆ: ಮಠಾಧ್ಯಕ್ಷೆ ಬರೆಯುವುದು ಏನನ್ನು? ವಾಡಿಕೆಯ ವೃತ್ತಾಂತವನ್ನು ಕೊನೆಗೂ ಯಾರೂ ಬರೆಯಲಿಲ್ಲ. ಅದರ ಬದಲಿಗೆ ಉಳಿದ ಮಠಗಳಿಗೆ ಹೋದದ್ದು ಆಕೆಯದೇ ಪುಸ್ತಕ. ಮೊದಲ ಮುದ್ರಣದ ಪ್ರತಿಗಳು 2000. ಏನೂ ಮಾಡದವಳ ಬಗೆಗೆ ಹೇಳಬೇಕಾದದ್ದನ್ನೆಲ್ಲ ಆಕೆಯೇ ಹೇಳಿಟ್ಟು ಹೋಗಿದ್ದಳು.