ಕ್ರೈಂ ಮ್ಯಾಪ್‌ನಲ್ಲಿ ಕೆಂಪು ಬಣ್ಣ ಇದ್ದರೆ ಅದು 'ಡೇಂಜರ್ ಏರಿಯಾ'ನಾ?

ಊರಿನ ನಕ್ಷೆಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ. ಕೆಳಗೆ 'ಈ ಏರಿಯಾಗೆ ಹೋಗಬೇಡಿ, ಎಲ್ಲ ಗ್ರೂಪ್‌ಗೂ ಕಳಿಸಿ' ಎಂಬ ಸಾಲು. ಇಂಥ ಚಿತ್ರ ನಿಮ್ಮ ವಾಟ್ಸ್ಆ್ಯಪ್‌ಗೆ ಬಂತು, ಅದರಲ್ಲಿ ಭದ್ರಾವತಿಯ ಓಲ್ಡ್ ಟೌನ್ ಕೆಂಪಾಗಿದೆ ಎಂದುಕೊಳ್ಳಿ. ನಂಬಬೇಕೇ?

ಅಪರಾಧ ನಕ್ಷೆ ಎಂಬುದು ನಿಜವಾದ, ಉಪಯೋಗವಿರುವ ತಂತ್ರಜ್ಞಾನ. ಆದರೆ ಅದು ಹೇಳುವುದು ಒಂದು, ಫಾರ್ವರ್ಡ್ ಹೇಳುವುದು ಇನ್ನೊಂದು.

ನಕ್ಷೆ ತಯಾರಾಗುವುದು ಹೇಗೆ?

ಇದರ ಮೂಲ ಎಫ್‌ಐಆರ್. ಘಟನೆ ನಡೆದ ದಿನ, ವೇಳೆ, ವಿಳಾಸ, ಠಾಣೆಯಿಂದ ಯಾವ ದಿಕ್ಕಿಗೆ ಎಷ್ಟು ದೂರ, ಯಾವ ಬೀಟ್ ಎಂಬುದಕ್ಕೆಲ್ಲ ಅದರಲ್ಲಿ ಕಾಲಂಗಳಿವೆ. ಆ ಸ್ಥಳವನ್ನು ಅಕ್ಷಾಂಶ, ರೇಖಾಂಶಗಳಾಗಿ ಬದಲಿಸಿ ಕಂಪ್ಯೂಟರ್ ನಕ್ಷೆಯ ಮೇಲೆ ಒಂದೊಂದು ಚುಕ್ಕೆ ಇಡಲಾಗುತ್ತದೆ. ಚುಕ್ಕೆಗಳು ಒತ್ತಾಗಿ ಬಿದ್ದ ಜಾಗವೇ 'ಹಾಟ್‌ಸ್ಪಾಟ್'. ಅದರ ಮೇಲೆ ಬೀದಿದೀಪ, ಬಸ್ ನಿಲ್ದಾಣ, ಮದ್ಯದಂಗಡಿಗಳ ಪದರ ಹಾಕಿ, ಯಾವ ಹೊತ್ತಿನಲ್ಲಿ ಏನು ನಡೆಯುತ್ತಿದೆ ಎಂದು ನೋಡುತ್ತಾರೆ.

ದೆಹಲಿ ಪೊಲೀಸರು ಇಸ್ರೋ ನೆರವಿನಿಂದ 'ಸಿಮ್ಯಾಪ್ಸ್' ಎಂಬ ಇಂಥ ವ್ಯವಸ್ಥೆ ರೂಪಿಸಿಕೊಂಡರು. ನಮ್ಮ ರಾಜ್ಯದಲ್ಲಿ 2017ರಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಠಾಣೆಯ ವ್ಯಾಪ್ತಿಯನ್ನು ಸಣ್ಣ ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಲಾಯಿತು. ಭದ್ರಾವತಿಯಲ್ಲಿ ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್ ಠಾಣೆಗಳಿಗೆ ಬೇರೆ ಬೇರೆ ವ್ಯಾಪ್ತಿ ಇದೆ. ಆದರೆ ಕಳ್ಳನಿಗೆ ಆ ಗಡಿ ಲೆಕ್ಕಕ್ಕಿಲ್ಲ. ಮೂರೂ ಠಾಣೆಗಳ ಚುಕ್ಕೆಗಳನ್ನು ಒಂದೇ ನಕ್ಷೆಯಲ್ಲಿಟ್ಟಾಗ ಮಾತ್ರ ಗಡಿ ದಾಟುವ ಸರಣಿ ಕಳ್ಳತನ ಕಣ್ಣಿಗೆ ಬೀಳುತ್ತದೆ.

ನಂಬಿಕೆ 1: ಕೆಂಪು ಬಣ್ಣ ಎಂದರೆ ಅಲ್ಲಿನ ಜನ ಕೆಟ್ಟವರು

ತಪ್ಪು. ಚುಕ್ಕೆ ತೋರಿಸುವುದು ಘಟನೆ ನಡೆದ ಜಾಗವನ್ನು, ಆರೋಪಿಯ ಮನೆಯನ್ನಲ್ಲ. ಸಂತೆ, ಬಸ್ ನಿಲ್ದಾಣ, ಜಾತ್ರೆ ಇರುವಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಜೇಬುಗಳ್ಳತನವೂ ಅಲ್ಲೇ ಹೆಚ್ಚು. ಓಡಾಡುವವರ ಸಂಖ್ಯೆಯಿಂದ ಭಾಗಿಸಿ ನೋಡದಿದ್ದರೆ ಯಾವ ಪೇಟೆಯಾದರೂ ಕೆಂಪಾಗಿಯೇ ಕಾಣುತ್ತದೆ.

ಅಷ್ಟೇ ಅಲ್ಲ, ಇಡೀ ಬಡಾವಣೆ ಹಾಟ್‌ಸ್ಪಾಟ್ ಆಗುವುದು ಅಪರೂಪ. ಅಮೆರಿಕದ ಮಿನಿಯಾಪೊಲಿಸ್ ನಗರದ ಬಗ್ಗೆ 1989ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಕೇವಲ ಶೇ 3ರಷ್ಟು ವಿಳಾಸಗಳಿಂದ ಬಂದಿದ್ದವು. ಅಂದರೆ ತೊಂದರೆ ಇರುವುದು ಒಂದು ತಿರುವಿನಲ್ಲಿ, ಒಂದು ಕತ್ತಲೆ ಗಲ್ಲಿಯಲ್ಲಿ. ಅಕ್ಕಪಕ್ಕದ ನೂರಾರು ಮನೆಗಳಿಗೂ ಅದಕ್ಕೂ ಸಂಬಂಧವಿಲ್ಲ.

ನಂಬಿಕೆ 2: ಕಂಪ್ಯೂಟರ್ ನಕ್ಷೆ ತಪ್ಪಾಗುವುದಿಲ್ಲ

ಆಗುತ್ತದೆ. ವಿಳಾಸದ ಜಾಗದಲ್ಲಿ 'ಬಸ್ ನಿಲ್ದಾಣದ ಹತ್ತಿರ' ಎಂದಷ್ಟೇ ಬರೆದರೆ, ಅರ್ಧ ಕಿಲೋಮೀಟರ್ ಸುತ್ತಳತೆಯ ಪ್ರಕರಣಗಳೆಲ್ಲ ಒಂದೇ ಚುಕ್ಕೆಯ ಮೇಲೆ ಕೂರುತ್ತವೆ. ಅಕ್ಷಾಂಶದ ಮೂರನೇ ದಶಮಾಂಶ ಸ್ಥಾನದಲ್ಲಿ ಒಂದಂಕಿ ಹೆಚ್ಚು ಕಡಿಮೆಯಾದರೆ ಚುಕ್ಕೆ ಸುಮಾರು 111 ಮೀಟರ್ ಸರಿಯುತ್ತದೆ. ಬಸ್ಸಿನಲ್ಲಿ ಕದ್ದ ಮೊಬೈಲ್, ಅದು ಕಾಣೆಯಾಗಿದೆ ಎಂದು ನಿಮಗೆ ಗೊತ್ತಾದ ನಿಲ್ದಾಣದ ಲೆಕ್ಕಕ್ಕೆ ಸೇರಬಹುದು. ದೂರು ಕೊಡದ ಪ್ರಕರಣವಂತೂ ನಕ್ಷೆಗೇ ಬರುವುದಿಲ್ಲ.

ನಂಬಿಕೆ 3: ಇಲ್ಲಿ ಗಸ್ತು ಹೆಚ್ಚಿಸಿದರೆ ಕಳ್ಳರು ಪಕ್ಕದ ಬೀದಿಗೆ ಹೋಗುತ್ತಾರೆ

ಪೂರ್ತಿ ನಿಜವಲ್ಲ. ಹಾಟ್‌ಸ್ಪಾಟ್ ಗಸ್ತಿನ ಬಗ್ಗೆ ನಡೆದ ಅನೇಕ ಪ್ರಯೋಗಗಳಲ್ಲಿ ಆ ಜಾಗದ ಅಪರಾಧ ತಗ್ಗಿದೆ. ಹಲವು ಕಡೆ ಪಕ್ಕದ ಬೀದಿಗಳಿಗೂ ಅದರ ಲಾಭ ಸಿಕ್ಕಿದೆ. ದೀಪ ಹಾಕಿಸುವುದು, ಪಾಳು ಕಟ್ಟಡಕ್ಕೆ ಬೀಗ ಹಾಕಿಸುವುದು ಕೂಡ ತಡೆಯುವ ದಾರಿಗಳೇ.

ಆದರೆ ಎಚ್ಚರಿಕೆಯೂ ಬೇಕು. ಪೊಲೀಸರು ಹೆಚ್ಚು ಸುತ್ತುವ ಕಡೆ ಹೆಚ್ಚು ಕೇಸ್ ದಾಖಲಾಗುತ್ತವೆ, ಅದರಿಂದ ನಕ್ಷೆ ಇನ್ನಷ್ಟು ಕೆಂಪಾಗುತ್ತದೆ, ಮತ್ತೆ ಅಲ್ಲಿಗೇ ಪೊಲೀಸರು ಬರುತ್ತಾರೆ. ಈ ಸುಳಿಯಲ್ಲಿ ಬಡವರ, ಅಲ್ಪಸಂಖ್ಯಾತರ ಬಡಾವಣೆಗಳು ಸಿಕ್ಕಿಬೀಳುತ್ತವೆ ಎಂಬ ಆಕ್ಷೇಪ ಅಮೆರಿಕದಲ್ಲಿ ಜೋರಾಗಿತ್ತು. ಅಪರಾಧವನ್ನು ಮುಂಚೆಯೇ ಊಹಿಸುವ 'ಪ್ರೆಡ್‌ಪೋಲ್' ತಂತ್ರಾಂಶವನ್ನು ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಕೈಬಿಟ್ಟರು. ಅದೇ ವರ್ಷ ಸಾಂಟಾ ಕ್ರೂಜ್ ನಗರ ಇಂಥ ತಂತ್ರಾಂಶಗಳನ್ನೇ ನಿಷೇಧಿಸಿತು.

ಫಾರ್ವರ್ಡ್ ಮಾಡಿದರೆ ಏನಾಗುತ್ತದೆ?

'ಡೇಂಜರ್ ಏರಿಯಾ' ಎಂಬ ಹಣೆಪಟ್ಟಿ ಬಿದ್ದರೆ ಆಟೊದವರು ಬರಲು ಒಪ್ಪುವುದಿಲ್ಲ, ಅಂಗಡಿ ವ್ಯಾಪಾರ ಬೀಳುತ್ತದೆ, ಆ ವಿಳಾಸದ ಹುಡುಗರಿಗೆ ಕೆಲಸ ಕೊಡಲು ಹಿಂದೆಮುಂದೆ ನೋಡುತ್ತಾರೆ. ವದಂತಿ ಅದಕ್ಕಿಂತ ದೂರವೂ ಹೋಗಬಲ್ಲದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು.

ಕಳಿಸುವ ಮುನ್ನ ಇಷ್ಟು ನೋಡಿ

• ನಕ್ಷೆ ಮಾಡಿದವರು ಯಾರು, ಯಾವ ವರ್ಷದ್ದು, ಯಾವ ಅಪರಾಧದ್ದು ಎಂದು ಬರೆದಿದೆಯೇ? ಇಲ್ಲದಿದ್ದರೆ ಕಳಿಸಬೇಡಿ.
• 'ಎನ್‌ಸಿಆರ್‌ಬಿ ವರದಿ ಪ್ರಕಾರ' ನಿಮ್ಮ ಬೀದಿ ಅಪಾಯಕಾರಿ ಎಂದಿದ್ದರೆ ಅನುಮಾನಿಸಿ. ಎನ್‌ಸಿಆರ್‌ಬಿ ಅಂಕಿಅಂಶ ಸಿಗುವುದು ರಾಜ್ಯ, ಮಹಾನಗರ, ಜಿಲ್ಲೆಗಳ ಮಟ್ಟದಲ್ಲಿ, ಬೀದಿವಾರು ಅಲ್ಲ.
• ನಿಮ್ಮ ಬೀದಿಯಲ್ಲಿ ನಿಜವಾಗಿ ತೊಂದರೆ ಇದ್ದರೆ ಬೀಟ್ ಪೊಲೀಸರಿಗೆ ತಿಳಿಸಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ, ಹತ್ತಿರದ ದೇವಸ್ಥಾನ, ಮಸೀದಿ, ಶಾಲೆಯ ಗುರುತು ಹೇಳಿ.
• ಆನ್‌ಲೈನ್ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದೂರು ಕೊಡುವಾಗ ಜಾಗವನ್ನು ಸರಿಯಾಗಿ ಬರೆಸಿ. ನಕ್ಷೆ ಸರಿಯಾಗುವುದು ಅಲ್ಲಿಂದಲೇ.